ಸೊನ್ನೆ ಪ್ಲಾಸ್ಟಿಕ್ಕಿನ ಮನೆಗೆ ಸನ್ಮಾನ

ವೇದಿಕೆಯ ಮೇಲೆ ಕುರ್ಚಿ ತುಂಬ ಕುಳಿತಿರುವ ಅಧ್ಯಕ್ಷರಾದ ದಿವಾಕರ ಕೈಮಳರೇ, ನಮ್ಮ ವಾರ್ಡಿನ ಪಂಚಾಯತ್ ಸದಸ್ಯೆ ಸುಹರಾ ಬೀವಿಯವರೇ, ಪುಳಿಮುಕ್ಕು ನಿವಾಸಿಗಳ ಸಂಘದ ಬಂಧುಗಳೇ, ಬಿರಿಯಾನಿ ಬಂತೇ ಎಂದು ಕಿಟಕಿಯ ಕಡೆಗೇ ನೋಡುತ್ತಿರುವ ಸಭಿಕರೇ,

‘ಪ್ಲಾಸ್ಟಿಕ್ ಇಲ್ಲದ ಮನೆ’ ಎಂಬ ಬಿರುದನ್ನು ಈ ವರ್ಷ ಔಸೇಪ್ ಮಾಷ್ ಎಂಬ ನನಗೆ ಕೊಟ್ಟಿದ್ದೀರಿ. ಶಾಲು ಹೊದಿಸಿದಿರಿ, ಅದು ಪ್ಲಾಸ್ಟಿಕ್ ಕವರಿನಲ್ಲಿ ಬಂತು. ಹೂಗುಚ್ಛ ಕೊಟ್ಟಿರಿ, ಅದು ಪ್ಲಾಸ್ಟಿಕ್ ಹಾಳೆ ಉಟ್ಟುಕೊಂಡಿತ್ತು. ಫಲಕ ಕೊಟ್ಟಿರಿ, ಅದು ಅಪ್ಪಟ ಪ್ಲಾಸ್ಟಿಕ್ಕೇ. ಪ್ಲಾಸ್ಟಿಕ್ ಇಲ್ಲದ ಮನೆಗೆ ಇಷ್ಟೊಂದು ಪ್ಲಾಸ್ಟಿಕ್ ಒಂದೇ ಸಲ ಹೋಗುತ್ತಿರುವುದು ಇದೇ ಮೊದಲು. ನಗಬೇಡಿ ಕೈಮಳರೇ, ಕೈಯಲ್ಲಿರುವ ನೀರಿನ ಬಾಟಲಿ ಅಲುಗಾಡುತ್ತಿದೆ.

ಇದೇ ಸಭೆಯಲ್ಲಿ ಈಗಷ್ಟೇ ಇನ್ನೊಂದು ಘೋಷಣೆಯೂ ಆಯಿತು. ಹಸಿರು ಕೋಟು ಹಾಕಿಕೊಂಡು ಮನೆಮನೆಗೆ ಬಂದು ತೊಳೆದ ಪ್ಲಾಸ್ಟಿಕ್ ಒಯ್ಯುವ ನಮ್ಮ ವಿಲಾಸಿನಿಗೆ ಬರುವ ಒಂದನೇ ತಾರೀಖಿನಿಂದ ಕೆಲಸವಿಲ್ಲ. ಕೆಲವು ಮನೆಗಳಿಗೆ ಬಾರದೆ ಬಿಟ್ಟು ಹೋಗುತ್ತಾಳೆ, ಎದುರು ಮಾತಾಡುತ್ತಾಳೆ ಎಂದು ದೂರು ಬಂದಿದೆಯಂತೆ. ಸಹಿ ಇಲ್ಲದ ಪತ್ರ. ಆದರೆ ಒಂದು ಅಕ್ಷರವೂ ತಪ್ಪಿಲ್ಲ ಎಂದು ಸುಹರಾ ಮೆಚ್ಚಿಕೊಂಡೇ ಓದಿದರು. ವಿಲಾಸಿನಿ ಈಗ ಕೊನೆಯ ಸಾಲಿನ ಹಿಂದೆ ನಿಂತಿದ್ದಾಳೆ. ಸಭೆ ಮುಗಿದ ಮೇಲೆ ನಮ್ಮ ಬಾಟಲಿಗಳನ್ನು ಆರಿಸುವವರು ಬೇಡವೇ?

ನನ್ನನ್ನು ಹೇಗೆ ಆರಿಸಿದಿರಿ? ಯಾವ ಮನೆ ಎಷ್ಟು ಪ್ಲಾಸ್ಟಿಕ್ ಕೊಟ್ಟಿತು ಎಂದು ಬರೆಯುವ ವಿಲಾಸಿನಿಯ ಪುಸ್ತಕ ನೋಡಿ. ಎಂಟು ತಿಂಗಳು ನನ್ನ ಹೆಸರಿನ ಮುಂದೆ ಸೊನ್ನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಎಂಟು ವಿಷಯಕ್ಕೂ ಸೊನ್ನೆ ತಂದವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನೀವು ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ!

ನನ್ನ ಹೆಂಡತಿ ತ್ರೇಸ್ಯಾ ಊರಿನಲ್ಲಿದ್ದಾಗ ಸೊನ್ನೆ ಇರಲಿಲ್ಲ. ಹಾಲಿನ ಪ್ಯಾಕೆಟ್ಟು, ಎಣ್ಣೆಯ ಕವರು ಎಲ್ಲವನ್ನೂ ಕತ್ತರಿಸಿ, ತೊಳೆದು, ನನ್ನ ಮುಂಡು ಪಂಚೆಯ ಪಕ್ಕದಲ್ಲೇ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದಳು. “ಮೀನು ತರೋಕೆ ಡಬ್ಬಿ ತಗೊಂಡು ಹೋಗ್ರೀ, ಕವರಾದ್ರೂ ಒಂದು ಕಮ್ಮಿ ಆಗತ್ತೆ” ಅನ್ನುವಳು. “ಮೇಷ್ಟ್ರು ಡಬ್ಬಿ ಹಿಡ್ಕೊಂಡು ಹೋದ್ರೆ ಊರು ನಗತ್ತೆ ಕಣೇ” ಅನ್ನುವೆ. ತಿಂಗಳಿಗೊಂದು ಚೀಲ ಶುದ್ಧವಾಗಿ ಕೊಟ್ಟ ಅವಳಿಗೆ ಶಾಲು ಬಂತೇ? ಇಲ್ಲ. ಅವಳ ಮನೆಯಲ್ಲಿ ಪ್ಲಾಸ್ಟಿಕ್ ಇತ್ತಲ್ಲ!

ಎಂಟು ತಿಂಗಳ ಹಿಂದೆ ಮಗಳ ಬಾಣಂತನಕ್ಕೆ ತ್ರೇಸ್ಯಾ ಮಸ್ಕತ್ತಿಗೆ ಹೋದಳು. ದಿನಾ ಫೋನು. ಮಗು ಚೆನ್ನಾಗಿದೆ ಅನ್ನುತ್ತಿದ್ದಂತೆ ಮುಂದಿನ ಮಾತು, “ಕವರು ತೊಳೆದ್ರಾ?”

“ಓ, ತೊಳೆದೆ!”

ತೊಳೆದುಕೊಂಡದ್ದು ಕೈ. ಮತ್ತಿ ಮೀನಿನ ಕವರನ್ನು ಸೋಪು ಹಾಕಿ ತೊಳೆಯಲು ನಾನೇನು ಬಿ.ಎ. ಓದಿದ್ದು? ಬೆಳಗಿನ ನಡಿಗೆ ಶುರುಮಾಡಿದೆ. ಹೋಗುವಾಗ ಕೈಯಲ್ಲಿ ಕಪ್ಪು ಚೀಲ, ಬರುವಾಗ ಕೈ ಹಗುರ, ಮೈ ಹಗುರ. ನಡುವೆ ನಮ್ಮೂರ ಹಳ್ಳ, ನಮ್ಮ ತೋಡು. “ಎಂಥ ಆರೋಗ್ಯ ಮಾಷ್‌ದು!” ಎಂದು ಕೈಮಳರು ಗೇಟಿನಲ್ಲಿ ನಿಂತು ಹೊಗಳುತ್ತಿದ್ದರು. ಜೂನ್ ಮಳೆಗೆ ತೋಡಿನ ಮೋರಿ ಕಟ್ಟಿಕೊಂಡು ಅವರ ಅಂಗಳಕ್ಕೇ ನೀರು ನುಗ್ಗಿತು. ಚಪ್ಪಲಿ ತೇಲಿ ಹೋದವಲ್ಲ ಕೈಮಳರೇ, ಅದು ನನ್ನ ಆರೋಗ್ಯ.

ಯಾಕೆ, ಯಾರೂ ನಗುತ್ತಿಲ್ಲ?

ಮೋರಿ ಬಿಡಿಸಿದವಳು ವಿಲಾಸಿನಿ. ಒಳಗೆ ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಬಂದ ಕೊರಿಯರ್ ಕವರು. ಅದರ ಮೇಲೆ ನನ್ನ ಹೆಸರು, ಮನೆ ನಂಬರು. ವಿಲಾಸಿನಿಗೆ ವಿಳಾಸ ಸಿಕ್ಕಿತು! ಪಂಚಾಯತಿಗೆ ಕೊಟ್ಟಿದ್ದರೆ ನನಗೆ ದಂಡ. ಅವಳು ಕೊಟ್ಟದ್ದು ನನ್ನ ಗೇಟಿಗೆ ಬಂದು.

“ಮಾಷೇ, ನಿಮ್ಮ ಕವರು ತೋಡಿಗೆ ಹೋಗಿತ್ತು. ತೊಳ್ದು ಒಣಗಿಸಿ ತಂದಿದೀನಿ.”

“ನಂದಲ್ಲ. ನನ್ನ ಹೆಸರಿನವರು ಇನ್ಯಾರೋ ಇರ್ಬೇಕು.”

“ನಿಮ್ಮ ಮನೆ ನಂಬರಿನವ್ರೂ ಇದಾರಾ ಮಾಷೇ?” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಯಾರಿಗೂ ತೋರ್ಸಿಲ್ಲ. ತ್ರೇಸ್ಯಾ ಚೇಚಿ ಬರೋವರೆಗೆ ಕಷ್ಟ ಆದ್ರೆ ಹಂಗೇ ಕೊಡಿ, ನಾನೇ ತೊಳ್ಕೋತೀನಿ.”

ಬೈದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ಅವಳು ಬೈಯಲಿಲ್ಲ. ಇಂದಲ್ಲ ನಾಳೆ ಬಾಯಿ ಬಿಡುತ್ತಾಳೆ ಎಂದು ಹೆದರಿದೆ. ಬಿಡುವ ಮೊದಲೇ ಆ ಬಾಯಿಗೆ ಬೆಲೆ ಇಲ್ಲದಂತೆ ಮಾಡಬೇಕಲ್ಲ? ಸುಹರಾ, ಪುಳಿಮುಕ್ಕಿನಲ್ಲಿ ಒಂದೂ ತಪ್ಪಿಲ್ಲದೆ ಎರಡು ಪುಟ ಬರೆಯುವವರು ಎಷ್ಟು ಜನ? ನೀವೆಲ್ಲ ನನ್ನ ಶಿಷ್ಯರು. ನಿಮ್ಮ ಉತ್ತರಪತ್ರಿಕೆ ತಿದ್ದಿದವನು ನಾನು. ನನಗೆ ಗೊತ್ತಿದೆ, ನಿಮ್ಮಲ್ಲಿ ಒಬ್ಬರೂ ಇಲ್ಲ.

ಆ ಪತ್ರ ಹರಿಯಿರಿ. ಹರಿದ ಮೇಲೆ ತೋಡಿಗೆ ಎಸೆಯಬೇಡಿ. ನನ್ನ ದಂಡದ ಚೀಟಿ ಬರೆಯಿರಿ. ಮೂರನೇ ಸಾಲಿನಲ್ಲಿ ವಿಡಿಯೊ ಮಾಡುತ್ತಿರುವ ತಮ್ಮ, ಅದನ್ನು ಮಸ್ಕತ್ತಿಗೆ ಕಳಿಸಬೇಡ. ತ್ರೇಸ್ಯಾಗೆ ಇವತ್ತು ನಾನೇ ಹೇಳುತ್ತೇನೆ.

ಫಲಕ ಇಗೋ, ಮೇಜಿನ ಮೇಲಿಟ್ಟಿದ್ದೇನೆ. ಶಾಲಿನ ಕವರು, ಹೂವಿನ ಹಾಳೆ ಮಾತ್ರ ಒಯ್ಯುತ್ತೇನೆ. ತೊಳೆದು, ಮುಂಡಿನ ಪಕ್ಕ ಒಣಹಾಕಿ, ಒಂದನೇ ತಾರೀಖು ಗೇಟಿನಲ್ಲಿ ಹಿಡಿದು ನಿಂತಿರುತ್ತೇನೆ. ವಿಲಾಸಿನಿ ಬಿಟ್ಟು ಬೇರೆ ಯಾರು ಬಂದರೂ ಕೊಡುವುದಿಲ್ಲ.

ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕೇಳಿದ್ದೀರಿ. ಋಣಿಯಾಗಿದ್ದೇನೆ. ಕೊನೆಯ ಸಾಲಿನ ಹಿಂದೆ ನಿಂತವರಿಗೆ ಮೊದಲು, ಉಳಿದವರಿಗೆ ಆಮೇಲೆ, ನಮಸ್ಕಾರ.