ಗಾದಿಲಿಂಗಪ್ಪನ ದನಿ ಇದ್ದ ಡಿಸ್ಕು

ಹೆಸರು: ಸುಂಕಲಮ್ಮ ಗಂಡ ಗಾದಿಲಿಂಗಪ್ಪ. ವಯಸ್ಸು: 44 ವರ್ಷ. ಉದ್ಯೋಗ: ಮನೆಯಲ್ಲಿ ಹೊಲಿಗೆ, ಮತ್ತು ಗಂಡನ ಜೊತೆ ಮೈಕ್ ಪ್ರಚಾರದ ಕೆಲಸ. ವಾಸ: ಚಿತ್ತವಾಡ್ಗಿ, ಹೊಸಪೇಟೆ, ವಿಜಯನಗರ ಜಿಲ್ಲೆ.

ನಾನು ಈ ದಿನ ಬೆಳಿಗ್ಗೆ 11-15 ಗಂಟೆಗೆ ನನ್ನ ಗಂಡನೊಂದಿಗೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಗಾದಿಲಿಂಗಪ್ಪ, 50 ವರ್ಷ, ಮತ್ತು ಮಗಳು ರಮಾ, 23 ವರ್ಷ, ಇವರೊಂದಿಗೆ ವಾಸವಾಗಿರುತ್ತೇನೆ. ಮಗಳು ಕಮಲಾಪುರದ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನೊಂದವರು ನನ್ನ ಗಂಡ. ಅವರಿಗೆ ಮಾತನಾಡಲು ಬಾರದ ಕಾರಣ ಈ ಹೇಳಿಕೆಯನ್ನು ನಾನು ಕೊಡುತ್ತಿದ್ದೇನೆ.

ನನ್ನ ಗಂಡ ಹುಟ್ಟಿನಿಂದ ಮೂಕರಲ್ಲ. ಮದುವೆಗೆ ಮುಂಚಿನಿಂದಲೂ ಆಟೋಕ್ಕೆ ಮೈಕ್ ಕಟ್ಟಿಕೊಂಡು ಹೊಸಪೇಟೆ, ಕಂಪ್ಲಿ, ಸಂಡೂರು, ಮರಿಯಮ್ಮನಹಳ್ಳಿ ಕಡೆ ಪ್ರಚಾರ ಹೇಳುತ್ತಾ ಬಂದವರು. ನಲ್ಲಿ ನೀರು ಬರುವುದಿಲ್ಲ ಎಂಬುದನ್ನು, ಸೀರೆ ಸೇಲ್ ಬಂದದ್ದನ್ನು, ಕಣ್ಣಿನ ಶಿಬಿರವನ್ನು, ಯಾರದಾದರೂ ಮಗು ಕಳೆದದ್ದನ್ನು ಅವರೇ ಊರಿಗೆ ಹೇಳುತ್ತಿದ್ದರು. ಅವರ ದನಿ ಕೇಳಿದರೆ ಒಳಗಿದ್ದ ಹೆಂಗಸರು ಕೊಡ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ಕಳೆದ ವರ್ಷದ ಜನವರಿಯಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ಆಪರೇಷನ್ನಿಗೆ ಇನ್ನೂ ಮೂರು ವಾರ ಇತ್ತು. ಆಗ ಮಗಳು ರಮಾ ಒಂದು ಉಪಾಯ ಹೇಳಿದಳು. ಅಪ್ಪ ಬೇಕಾಗುವ ಮಾತುಗಳನ್ನೆಲ್ಲ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಯಾವ ಪ್ರಚಾರ ಬೇಕಾದರೂ ಮಾಡಬಹುದು ಎಂದಳು. ನಾವು ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಫ್ಯಾನು ಬಂದ್ ಮಾಡಿ ಕುಳಿತೆವು. ಅವರು ಊರುಗಳ ಹೆಸರು, ವಾರ, ತಿಂಗಳು, ಅಂಕಿ, ಓಣಿಗಳ ಹೆಸರು, ನೀರು, ಕರೆಂಟು, ಲಸಿಕೆ, ಸಾವು, ಎಲ್ಲವನ್ನೂ ಹೇಳಿದರು. ನೋವು ಬಂದಾಗ ಬಿಸಿನೀರು ಕುಡಿದು ಮತ್ತೆ ಹೇಳಿದರು. ಮಗಳು ಅದನ್ನೆಲ್ಲ ವಿಡಿಯೋ ಸಮೇತ ಕಂಪ್ಯೂಟರಿಗೆ ಹಾಕಿ, ಒಂದೊಂದು ಮಾತನ್ನೂ ಕತ್ತರಿಸಿ ಹೆಸರು ಕೊಟ್ಟು ಇಟ್ಟಳು. ಫೋನಿನಲ್ಲಿ ಜಾಗ ಸಾಲದ ಕಾರಣ ದಿನದಿನವೂ ಅದರಿಂದ ಅಳಿಸುತ್ತಿದ್ದಳು.

ಕಳೆದುಹೋದವರ ಪ್ರಚಾರಕ್ಕೆ ಬೇಕೆಂದು ಹೆಂಗಸರ ಹೆಸರುಗಳನ್ನೂ ಹೇಳಿಸಿದೆವು. ಜಂಬವ್ವ, ಮರುಳಸಿದ್ದಮ್ಮ, ವಿರುಪಮ್ಮ ಎಂದು ಹೇಳುತ್ತಾ ಅದೇ ಸಾಲಿನಲ್ಲಿ ಸುಂಕಲಮ್ಮ ಎಂದೂ ಹೇಳಿದರು. ಮದುವೆಯಾದಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಇದು ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ, ಏನೇನು ಹೋಯಿತು ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಮೇಡಂ ಅವರು ಕೇಳಿದ್ದರಿಂದ ಹೇಳಿದ್ದೇನೆ.

ಆಪರೇಷನ್ ಆದ ನಾಲ್ಕು ತಿಂಗಳಿಗೆ ನಾವು ಮತ್ತೆ ಕೆಲಸ ಶುರು ಮಾಡಿದೆವು. ಮಗಳು ಮಾತುಗಳನ್ನು ಜೋಡಿಸಿ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದಳು. ಹೊಸ ಪ್ರಚಾರ ಬಂದಾಗ ಹಳೆಯದನ್ನು ಅಳಿಸುತ್ತಿದ್ದಳು. ಗಂಡ, ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ತೂತಿನ ಮೇಲೆ ಬಟ್ಟೆ ಸುತ್ತಿಕೊಂಡು ಆಟೋ ಓಡಿಸುತ್ತಿದ್ದರು. ಮೇಲಿನ ಮೈಕಿನಿಂದ ಅವರದೇ ದನಿ ಬರುತ್ತಿತ್ತು. ಬಹಳ ಜನಕ್ಕೆ ವಿಷಯ ಗೊತ್ತೇ ಆಗಲಿಲ್ಲ. ಬುಕ್ಕಸಾಗರದಲ್ಲಿ ಜಂಬವ್ವ ಎಂಬ ಮುದುಕಿ ಆಟೋ ನಿಲ್ಲಿಸಿ, "ಮೈಕಿನ್ಯಾಗ ಊರೆಲ್ಲ ಕೇಳಂಗ ಒದರ್ತೀಯಪ, ಎದುರಿಗೆ ಸಿಕ್ಕರ ಒಂದು ಮಾತಿಲ್ಲ. ಅಷ್ಟು ದೊಡ್ಡ ಮನುಷ್ಯ ಆಗಿಯೇನು?" ಎಂದು ಬೈದಳು. ಆ ದಿನ ನಾನೂ ಹಿಂದಿನ ಸೀಟಿನಲ್ಲಿದ್ದೆ. ನನ್ನ ಗಂಡ ನಕ್ಕರು. ನಗುವಾಗ ಈಗ ಅವರ ಭುಜ ಮಾತ್ರ ಅಲುಗುತ್ತದೆ.

ನಮ್ಮ ಕಂಪ್ಯೂಟರು ಬಾಗಿಲು ಹಾಕಿದ ಒಂದು ಸೈಬರ್ ಸೆಂಟರಿನಿಂದ ಕೊಂಡ ಹಳೆಯದು. ಈ ವರ್ಷದ ಬೇಸಿಗೆ ಹೊತ್ತಿಗೆ ಅದು ತೀರ ನಿಧಾನವಾಯಿತು. ಗುಂಡಿ ಒತ್ತಿ ಅನ್ನಕ್ಕೆ ಇಟ್ಟು ಬಂದರೂ ಚಾಲೂ ಆಗಿರುತ್ತಿರಲಿಲ್ಲ. ಒಳಗಿನ ಹಾರ್ಡ್ ಡಿಸ್ಕು ಕಟಕಟ ಎನ್ನುತ್ತಿತ್ತು. ಪೈಪು ಒಡೆದಿದೆ, ಈಗಲೇ ಹೇಳಬೇಕು ಎಂದು ಬಂದ ಎರಡು ಕೆಲಸ ಇದರಿಂದ ಕೈತಪ್ಪಿದವು. ಹೊಸ ಕಂಪ್ಯೂಟರು ಬೇಡ, ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಾಕು ಎಂದು ಮಗಳು ಹೇಳಿದಳು. ಎಸ್‌ಎಸ್‌ಡಿ ಎಂದರೆ ಒಳಗೆ ತಿರುಗುವ ಚಕ್ರವಿಲ್ಲದ, ಚಿಪ್ಪು ಎಂಬ ಸಣ್ಣ ಬಿಲ್ಲೆಯ ಮೇಲೆಯೇ ಬರೆದಿಡುವ ಡಿಸ್ಕು ಎಂದು ಅವಳಿಂದ ತಿಳಿದಿದ್ದೇನೆ.

ದಿನಾಂಕ 12-06-2025 ರಂದು ಗುರುವಾರ ಮಧ್ಯಾಹ್ನ ನಾವು ಮೂವರೂ ಕಂಪ್ಯೂಟರನ್ನು ಆಟೋದಲ್ಲಿ ಇಟ್ಟುಕೊಂಡು, ಬಸ್ ನಿಲ್ದಾಣದಿಂದ ಸುಮಾರು 300 ಮೀಟರ್ ದೂರದಲ್ಲಿರುವ ಮಲ್ಲೇಶ್ ಎಂಬುವವರ ಕಂಪ್ಯೂಟರ್ ಅಂಗಡಿಗೆ ಹೋದೆವು. ಅವರು ಎರಡು ಡಬ್ಬಿ ಮುಂದಿಟ್ಟರು. ಒಂದು ಹೆಸರುವಾಸಿ ಕಂಪನಿಯದು, ಐನೂರು ಜಿಬಿ ಹಿಡಿಯುವಂಥದ್ದು, ಬೆಲೆ ಮೂರೂವರೆ ಸಾವಿರ. ಇನ್ನೊಂದರ ಹೆಸರು ನಾವು ಕೇಳಿರಲಿಲ್ಲ. ಅದರ ಮೇಲೆ ಒಂದು ಟಿಬಿ, ಅಂದರೆ ಮೊದಲಿನದರ ಎರಡರಷ್ಟು, ಎಂದು ಬರೆದಿತ್ತು. ಬೆಲೆ ಸಾವಿರದ ಒಂಬೈನೂರು. ಎರಡರಷ್ಟು ಹಿಡಿಯುವುದು ಅರ್ಧ ಬೆಲೆಗೆ ಹೇಗೆ ಬರುತ್ತದೆ ಎಂದು ಮಗಳು ಕೇಳಿದಳು. ಅದಕ್ಕೆ ಮಲ್ಲೇಶ್ ಅವರು, "ಹೆಸರಿಗ್ಯಾಕ ರೊಕ್ಕ ಕೊಡ್ತೀರವಾ? ಡಬ್ಬಿ ಬ್ಯಾರೆ, ಒಳಗಿನ ಮಾಲು ಒಂದ. ಮೂರು ವರ್ಷ ಗ್ಯಾರಂಟಿ ಬರದು ಕೊಡ್ತೀನಿ" ಎಂದರು. ಆ ತಿಂಗಳು ಗಂಡನ ಸ್ಕ್ಯಾನಿಂಗ್ ಮಾಡಿಸುವುದಿತ್ತು. ಕಡಿಮೆಯದನ್ನೇ ಹಾಕಿರಿ ಎಂದು ನಾನೇ ಹೇಳಿದೆ.

ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಹಾಕಿ ಸಂಜೆ 6-00 ಗಂಟೆಗೆ ನಮ್ಮನ್ನು ಕರೆದು ತೋರಿಸಿದರು. ಮಾತುಗಳ ಹೆಸರೆಲ್ಲ ಸಾಲಾಗಿ ಕಂಡವು. ಮಲ್ಲೇಶ್ ಅವರು ಒಂದನ್ನು ಒತ್ತಿದರು. ಕಂಪ್ಲಿ ಎಂದು ನನ್ನ ಗಂಡನ ದನಿ ಬಂತು. ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಹಳೆಯ ಡಿಸ್ಕನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳಲೇ ಎಂದು ನಾನು ಕೇಳಿದ್ದಕ್ಕೆ, "ಅದು ಇವತ್ತಲ್ಲ ನಾಳೆ ಹೋಗಾದ ಐತ್ರಿ ಅಕ್ಕಾರೆ. ಕೊಟ್ಟು ಹೋಗ್ರಿ, ಮುನ್ನೂರು ಕಮ್ಮಿ ಮಾಡ್ತೀನಿ" ಎಂದರು. ನಾವು ಕೊಟ್ಟು ಬಂದೆವು.

ಸುಮಾರು ಐದು ವಾರ ಕಂಪ್ಯೂಟರು ಚೆನ್ನಾಗಿ ನಡೆಯಿತು. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಚಾಲೂ ಆಗುತ್ತಿತ್ತು. ಮಗಳು ಬಿಡುವಿನಲ್ಲಿ ಹೋಟೆಲಿನ ವಿಡಿಯೋಗಳನ್ನೂ ಅದರಲ್ಲೇ ಮಾಡತೊಡಗಿದಳು. ನನ್ನ ಗಂಡ ಬಂದವರಿಗೆಲ್ಲ ಅದನ್ನು ಚಾಲೂ ಮಾಡಿ ತೋರಿಸುತ್ತಿದ್ದರು.

ದಿನಾಂಕ 21-07-2025 ರಂದು ಸಂಡೂರಿನಲ್ಲಿ ಒಂದು ಆರೋಗ್ಯ ಶಿಬಿರದ ಪ್ರಚಾರವಿತ್ತು. ಮಗಳು ಪೆನ್‌ಡ್ರೈವಿನ ಹಳೆಯ ಪ್ರಚಾರ ಅಳಿಸಿ ಜೋಡಿಸಲು ಕುಳಿತಾಗ ಸಂಡೂರು ಎಂಬ ಮಾತು ತೆರೆಯಲಿಲ್ಲ. ಹೆಸರು ಕಾಣುತ್ತಿತ್ತು, ಒತ್ತಿದರೆ ಸದ್ದಿಲ್ಲ. ಬುಧವಾರವೂ ತೆರೆಯಲಿಲ್ಲ. ಶಿಬಿರ ಎಂಬಲ್ಲಿ ತಗಡು ಕೆರೆದಂಥ ಸದ್ದು ಬಂತು. ಮಗಳು ಒಂದೊಂದಾಗಿ ಒತ್ತುತ್ತಾ ಹೋದಳು. ನನ್ನ ಗಂಡ ಅವಳ ಹಿಂದೆ ನಿಂತು, ಯಾವುದನ್ನು ನೋಡಬೇಕೆಂದು ಬೆರಳಿನಿಂದ ಪರದೆಯ ಮೇಲೆ ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತೋರಿಸುವುದನ್ನು ಬಿಟ್ಟು ಹೊರಗೆ ಹೋಗಿ ಆಟೋದಲ್ಲಿ ಕುಳಿತರು. ಸಂಜೆಯ ಹೊತ್ತಿಗೆ ಡಿಸ್ಕು ಇದೆ ಎಂಬುದನ್ನೇ ಕಂಪ್ಯೂಟರು ತೋರಿಸಲಿಲ್ಲ.

ಮರುದಿನ ಅಂಗಡಿಗೆ ಹೋದೆವು. ಮಲ್ಲೇಶ್ ಅವರು ನಮ್ಮ ಎದುರಿಗೇ ಡಿಸ್ಕಿನ ಡಬ್ಬಿ ಬಿಚ್ಚಿದರು. ಒಳಗೆ ಬೆರಳುಗುರಿನಷ್ಟು ಒಂದು ಚಿಪ್ಪು ಮಾತ್ರ ಇತ್ತು. ಉಳಿದದ್ದು ಖಾಲಿ. ಭಾರ ಬರಲೆಂದು ಒಂದು ಕಬ್ಬಿಣದ ಪಟ್ಟಿ ಅಂಟಿಸಿದ್ದರು. ಅದು ಅರವತ್ನಾಲ್ಕು ಜಿಬಿ ಮಾತ್ರ ಹಿಡಿಯುವ ಚಿಪ್ಪು, ಒಂದು ಟಿಬಿ ಎಂದು ಸುಳ್ಳು ತೋರಿಸುವಂತೆ ಮಾಡಿದ್ದಾರೆ, ತುಂಬಿದ ಮೇಲೆ ಬಂದದ್ದನ್ನು ಹಳೆಯದರ ಮೇಲೆಯೇ ಬರೆದಿದೆ ಎಂದು ಅವರೇ ತಿಳಿಸಿದರು. "ನನಗೂ ಮೋಸ ಆಗೈತ್ರಿ. ಇಪ್ಪತ್ತು ಪೀಸು ತರಿಸಿದ್ದೆ, ಹಿಂದಿನ ವಾರ ಎರಡು ವಾಪಸ್ ಬಂದವು" ಎಂದರು. ಎರಡು ವಾಪಸ್ ಬಂದಾಗ ನಮಗೆ ಒಂದು ಫೋನು ಯಾಕೆ ಮಾಡಲಿಲ್ಲ ಎಂದು ನಾನು ಕೇಳಿದೆ. ಅವರು ಬಿಚ್ಚಿದ ಡಬ್ಬಿಯನ್ನು ಮತ್ತೆ ಮುಚ್ಚತೊಡಗಿದರು.

ನಮ್ಮ ಹಳೆಯ ಡಿಸ್ಕು ಎಲ್ಲಿ ಎಂದು ಕೇಳಿದಾಗ, ಅದನ್ನು ಅಳಿಸಿ ಮರಿಯಮ್ಮನಹಳ್ಳಿಯಲ್ಲಿ ಲಾರಿಗಳನ್ನು ತೂಗುವ ಒಂದು ಕಾಟಾದ ಸಿಸಿ ಕ್ಯಾಮರಾದ ರೆಕಾರ್ಡಿಂಗ್ ಪೆಟ್ಟಿಗೆಗೆ ಹಾಕಿರುವುದಾಗಿ ತಿಳಿಸಿದರು. ಕೂಡಲೇ ನಾವು ಅಲ್ಲಿಗೆ ಹೋದೆವು. ಕಾಟಾದ ಮಾಲೀಕರಾದ ಎರ್ರಿಯಪ್ಪ ಎಂಬುವವರು ವಿಷಯ ಕೇಳಿ, ನನ್ನ ಗಂಡನ ಮುಖ ನೋಡಿ, "ನಮ್ಮ ತಾಯಿ ಸತ್ತಾಗ ಊರಿಗೆ ಹೇಳಿದಾತ ನೀನ ಅಲ್ಲಪ" ಎಂದು ಕೇಳಿದರು. ಕ್ಯಾಮರಾ ನಿಲ್ಲಿಸಿ, ಡಿಸ್ಕು ಬಿಚ್ಚಿಸಿ, ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಕೊಟ್ಟರು. ಬಿಚ್ಚುವ ಮುಂಚೆ ಪರದೆಯ ಮೇಲೆ ಅದರಲ್ಲಿರುವುದನ್ನು ನೋಡಿದೆವು. ಅದಿರಿನ ಲಾರಿ ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಹಗಲು ರಾತ್ರಿ ಅಷ್ಟೇ ಇತ್ತು. ಸದ್ದು ಇರಲಿಲ್ಲ.

ಎರಡೂ ಡಿಸ್ಕುಗಳನ್ನು ಬೆಂಗಳೂರಿನಲ್ಲಿ ಇಂಥವನ್ನು ಸರಿಪಡಿಸುವವರಿಗೆ ಕೊರಿಯರ್ ಮಾಡಿದೆವು. ಆಗಸ್ಟ್ 14 ರಂದು ಅಲ್ಲಿಂದ ಒಬ್ಬರು ಫೋನು ಮಾಡಿ, ಹೊಸದರಲ್ಲಿ ಮಗಳ ಹೋಟೆಲಿನ ವಿಡಿಯೋದ ಒಂದೆರಡು ತುಂಡು ಬಿಟ್ಟರೆ ಏನೂ ಇಲ್ಲ, ಹಳೆಯದರ ಮೇಲೆ ಲಾರಿಯ ಚಿತ್ರಗಳು ಮೂರು ನಾಲ್ಕು ಸಲ ಬರೆದಿವೆ, ಕೆಳಗಿನದು ಸಿಗುವುದಿಲ್ಲ ಎಂದು ತಿಳಿಸಿದರು. ಎಷ್ಟು ಖರ್ಚಾದರೂ ಕೊಡುತ್ತೇವೆ ಎಂದು ಮಗಳು ಹೇಳಿದಳು. ಖರ್ಚಿನ ಪ್ರಶ್ನೆಯಲ್ಲ ತಂಗಿ ಎಂದು ಅವರು ಫೋನಿಟ್ಟರು. ಅಂದಿನಿಂದ ಮಗಳು ಕಂಪ್ಯೂಟರಿನ ಕೋಣೆಗೆ ಹೋಗುವುದಿಲ್ಲ.

ಈಗ ಪ್ರಚಾರ ಮಾಡಿಸುವವರು ತಮ್ಮ ಫೋನಿನಲ್ಲಿ ಕಂಪ್ಯೂಟರ್ ದನಿಯಿಂದ ಮಾಡಿಸಿದ್ದನ್ನು ತರುತ್ತಾರೆ. ಅದಕ್ಕೆ ಏನೂ ಖರ್ಚಿಲ್ಲವಂತೆ. ನಿಮ್ಮ ಗಾಡಿ ಮತ್ತು ಮೈಕು ಇದ್ದರೆ ಸಾಕು ಎನ್ನುತ್ತಾರೆ. ಅದೊಂದು ಹುಡುಗಿಯ ದನಿ. ಮರಿಯಮ್ಮನಹಳ್ಳಿ ಎಂಬುದನ್ನು ಮೂರು ತುಂಡು ಮಾಡಿ ಹೇಳುತ್ತದೆ. ನನ್ನ ಗಂಡ ಅದನ್ನು ಹಾಕಿಕೊಂಡು ಆಟೋ ಓಡಿಸುತ್ತಾರೆ. ತಾವು ಹೇಳುತ್ತಿದ್ದಾಗ ಎಲ್ಲೆಲ್ಲಿ ನಿಧಾನ ಮಾಡುತ್ತಿದ್ದರೋ ಅಲ್ಲೆಲ್ಲ ಈಗಲೂ ನಿಧಾನ ಮಾಡುತ್ತಾರೆ. ಆ ಹುಡುಗಿ ನಿಲ್ಲುವುದಿಲ್ಲ.

ನಿನ್ನೆ ದಿನಾಂಕ 01-09-2025 ರಂದು ಮಲ್ಲೇಶ್ ಅವರು ಗ್ಯಾರಂಟಿ ಇದೆ, ಬಂದು ಬೇರೆ ಡಿಸ್ಕು ತೆಗೆದುಕೊಂಡು ಹೋಗಿ ಎಂದು ಫೋನು ಮಾಡಿದ್ದರಿಂದ ಮಧ್ಯಾಹ್ನ 3-30 ಗಂಟೆಗೆ ನಾವಿಬ್ಬರೂ ಅಂಗಡಿಗೆ ಹೋದೆವು. ಈ ಸಲ ಹೆಸರುವಾಸಿ ಕಂಪನಿಯದನ್ನೇ ಕೊಟ್ಟರು. ಇದರಲ್ಲಿ ನಾವು ಏನು ಹಾಕಿಕೊಳ್ಳೋಣ ಎಂದು ನಾನು ಕೇಳಿದೆ. "ಗ್ಯಾರಂಟಿ ಡಿಸ್ಕಿಗೆ ಇರತೈತ್ರಿ ಅಕ್ಕಾರೆ, ಒಳಗಿಂದಕ್ಕ ಯಾರೂ ಕೊಡಂಗಿಲ್ಲ" ಎಂದರು. ಅದು ನಿಜವಿರಬಹುದು. ಅದೇ ಹೊತ್ತಿಗೆ ಕುರೆಕುಪ್ಪದಿಂದ ಬಂದಿದ್ದ ಗಂಡಹೆಂಡತಿ, ಮಗುವಿನ ಫೋಟೋ ಹಾಕಿಡಲು ಡಿಸ್ಕು ಕೇಳುತ್ತಿದ್ದರು. ಕೆಲಸದ ಹುಡುಗ ಅವರ ಮುಂದೆ ಎರಡು ಡಬ್ಬಿ ಇಟ್ಟಿದ್ದ. ಒಂದು ನಾವು ಕೊಂಡಿದ್ದಂಥದ್ದೇ. ಉಳಿದ ಪೀಸುಗಳನ್ನು ಇನ್ನೂ ಮಾರುತ್ತಿದ್ದಾರೆ ಎಂಬುದು ಆಗ ನನಗೆ ಗೊತ್ತಾಯಿತು. ಅದನ್ನು ಒಯ್ಯಬೇಡಿ ಎಂದು ನಾನು ಆ ಹೆಣ್ಣುಮಗಳಿಗೆ ನಮ್ಮ ವಿಷಯವೆಲ್ಲ ಹೇಳಿದೆ. ನನ್ನ ಗಂಡ ಕುತ್ತಿಗೆಯ ಬಟ್ಟೆ ಸರಿಸಿ ತೋರಿಸಿದರು. ಅವಳು ನೋಡಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ದೊಡ್ಡ ಕಂಪನಿಯ ಡಬ್ಬಿಯ ಬೆಲೆ ಕೇಳಿದಳು. ಗಂಡನ ಕಡೆ ನೋಡಿದಳು. "ನಮಗ ಅಷ್ಟು ಆಗಂಗಿಲ್ಲರೀ" ಎಂದು ನನಗೆ ಹೇಳಿ, ಕಡಿಮೆಯದನ್ನೇ ತೆಗೆದುಕೊಂಡು ಹೋದರು.

ಆ ಕಾರಣಕ್ಕೆ ನಾನು ಇಂದು ಠಾಣೆಗೆ ಬಂದಿದ್ದೇನೆ. ನಷ್ಟವಾದ ಸ್ವತ್ತಿನ ಬೆಲೆ ಎಷ್ಟೆಂದು ಬರೆಯಬೇಕು ಎಂದು ಹೆಡ್ ಕಾನ್‌ಸ್ಟೆಬಲ್ ಗಾಯತ್ರಿ ಮೇಡಂ ಕೇಳಿದರು. ನಾನು ರಸೀದಿ ಮುಂದಿಟ್ಟೆ. ರಸೀದಿಯಲ್ಲಿ ಸಾವಿರದ ಆರುನೂರು ಇದೆ, ಬದಲಿ ಡಿಸ್ಕು ಕೊಟ್ಟಿರುವುದರಿಂದ ಅದೂ ನಷ್ಟವೆಂದು ನಿಲ್ಲುವುದು ಕಷ್ಟ ಎಂದು ಅವರು ಬಿಡಿಸಿ ಹೇಳಿದರು. ಅವರ ಮೇಲೆ ನನ್ನ ದೂರಿಲ್ಲ. ನನ್ನ ಗಂಡನ ದನಿ ಸಿಗುವುದಿಲ್ಲ ಎಂಬುದು ನನಗೆ ತಿಳಿದಿದೆ. ಅಂಗಡಿಯಲ್ಲಿ ಉಳಿದಿರುವ ಆ ಡಬ್ಬಿಗಳನ್ನು ತೆಗೆಸಬೇಕೆಂದು ಮಾತ್ರ ಕೇಳಿಕೊಳ್ಳುತ್ತೇನೆ. ಅದಕ್ಕೆ ಬೇರೆ ಕಚೇರಿಗೆ ಬರೆಯಬೇಕಾಗುತ್ತದೆ, ದಿನ ಹಿಡಿಯುತ್ತದೆ ಎಂದು ತಿಳಿಸಿದ್ದಾರೆ.

ಓದಿ ಹೇಳಿದ ನಂತರ ಸೇರಿಸಿ ಬರೆಸಿದ್ದು: ಗಾಯತ್ರಿ ಮೇಡಂ ಈ ಹೇಳಿಕೆಯನ್ನು ನಮ್ಮಿಬ್ಬರಿಗೂ ಗಟ್ಟಿಯಾಗಿ ಓದಿದರು. ಹೊಸಪೇಟೆ, ಕಂಪ್ಲಿ, ಸಂಡೂರು, ಮರಿಯಮ್ಮನಹಳ್ಳಿ ಎಂದು ಓದುವಾಗ ನನ್ನ ಗಂಡನ ತುಟಿಗಳು ಅವರ ಜೊತೆಗೇ ಅಲುಗಿದವು. ಮೇಡಂ ಅದನ್ನು ನೋಡಿ ಓದುವುದನ್ನು ನಿಲ್ಲಿಸಿದರು. ಅವರು ನಿಲ್ಲಿಸಿದ ಮೇಲೂ ತುಟಿಗಳು ಅಲುಗುತ್ತಿದ್ದವು. ಯಾವ ಊರು ಎಂದು ನನಗೆ ತಿಳಿಯಲಿಲ್ಲ.

ನಾನು ಹೇಳಿದ್ದನ್ನೇ ಮೇಲೆ ಬರೆದಿದ್ದಾರೆ. ಕೇಳಿದ್ದೇನೆ, ಸುಳ್ಳಿಲ್ಲ, ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಹೊಸಪೇಟೆ
ದಿನಾಂಕ: 02-09-2025

ಸುಂಕಲಮ್ಮ (ರುಜು)
ಜೊತೆಗಿದ್ದವರು: ಗಾದಿಲಿಂಗಪ್ಪ (ರುಜು)
ನನ್ನ ಸಮಕ್ಷಮ ಬರೆದುಕೊಂಡದ್ದು: ಗಾಯತ್ರಿ, ಹೆಡ್ ಕಾನ್‌ಸ್ಟೆಬಲ್