ಅಂಟು ಹಚ್ಚಿದ ಹಾಳೆ

ಪ್ರಿಯರೇ, ಒಂದೂರಿನಲ್ಲಿ ಒಬ್ಬ ಸಾಹುಕಾರರಿದ್ದರು. ಯಾವ ಊರು ಅಂತ ಕೇಳಬೇಡಿ. ಹೆಸರೂ ಕೇಳಬೇಡಿ. ಹೆಸರು ಹೇಳಿದ ಕೂಡಲೇ ನೀವೆಲ್ಲ ನೆಮ್ಮದಿಯಾಗಿ, 'ಓಹೋ, ಇದು ಅವರಿಗೆ ಹೇಳಿದ್ದು' ಅಂತ ಕಾಲು ಚಾಚಿ ಕೂತುಬಿಡುತ್ತೀರಿ. ನನಗೆ ಗೊತ್ತು. ಎರಡು ಎಣ್ಣೆ ಗಿರಣಿ, ದೊಡ್ಡ ಮನೆ, ಮನೆಗೆ ಕಬ್ಬಿಣದ ಗೇಟು, ಗೇಟಿಗೊಬ್ಬ ಕಾವಲುಗಾರ. ದೇವಾಲಯದಲ್ಲಿ ಮೊದಲನೇ ಬೆಂಚು. ಅವರ ವಿಶ್ವಾಸದ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಇರುವುದಾದರೂ ಹೇಗೆ? ಎರಡನೇ ಮಾತು ಆಡಲು ಅವರು ಯಾರನ್ನೂ ಬಿಟ್ಟವರೇ ಅಲ್ಲ.

ಪ್ರತಿ ಶುಕ್ರವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ. ಹಾಡು ಆರಿಸುವವರು ಯಾರು? ಸಾಹುಕಾರರು. ವಾಕ್ಯ ಓದುವವರು? ಸಾಹುಕಾರರು. ಅರ್ಥ ಹೇಳುವವರು? ಅದೂ ಅವರೇ. ಕೊನೆಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರೂ ಅವರೇ. ಹಾಗಾದರೆ ಉಳಿದವರಿಗೆ ಕೆಲಸವೇ ಇರಲಿಲ್ಲವೇ ಅನ್ನಬೇಡಿ. ಅವರಿಗೆ ಆಮೆನ್ ಹೇಳುವ ಕೆಲಸವಿತ್ತು, ಬಿಸಿಬಿಸಿ ಮಿರ್ಚಿ ಭಜಿ ತಿನ್ನುವ ಕೆಲಸವಿತ್ತು. ನೋಡಿ, ಎಂಥ ಆತ್ಮಿಕ ಬೆಳವಣಿಗೆ! ಕೂಟಕ್ಕೆ ಬಂದವರೆಲ್ಲ ನಿಜವಾಗಿಯೂ ಬೆಳೆದರು, ಸೊಂಟದ ಸುತ್ತ.

ಆ ಮನೆಯಲ್ಲಿ ಒಂದು ನೋಟುಬುಕ್ಕು ಇತ್ತು. ಸಾಹುಕಾರರ ಅಜ್ಜ ಹಳೆಯ ಕಾಲದ ಉಪದೇಶಿ. ಊರೂರು ನಡೆದು ದೇವರ ವಾಕ್ಯ ಹೇಳಿದವರು. ತಮ್ಮ ಬಾಳಿನ ಅನುಭವಗಳನ್ನೆಲ್ಲ ಮಸಿಯಲ್ಲಿ ಬರೆದಿಟ್ಟಿದ್ದರು. ಸಾಹುಕಾರರು ಅದನ್ನು ಮಕಮಲ್ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡು, ಕೂಟದಲ್ಲಿ ಬಿಚ್ಚಿ ಓದುತ್ತಿದ್ದರು. ಅದರಲ್ಲಿ ಅವರಿಗೆ ಬಹಳ ಇಷ್ಟವಾದ ಒಂದು ಪುಟವಿತ್ತು. ಅಜ್ಜನ ತಂಗಿ ಬೇರೆ ಪಂಗಡದವನನ್ನು ಮದುವೆಯಾಗಿ ಹೋಗಿದ್ದಳಂತೆ. ಒಂದು ದಿನ ತಿರುಗಿ ಬಂದು ಬಾಗಿಲಲ್ಲಿ ನಿಂತಳಂತೆ. ಆ ಪುಟದ ಕಟ್ಟಕಡೆಯ ಸಾಲು: 'ನಾನು ಬಾಗಿಲು ಹಾಕಿದೆನು.'

ಅಷ್ಟೇ. ಹಾಳೆ ತಿರುವಿದರೆ ಮುಂದಿನ ಪುಟದಲ್ಲಿ ಏನಿತ್ತು ಗೊತ್ತೇ? 'ಆಡುಗಳು ದೇವಾಲಯದ ಅಂಗಳಕ್ಕೆ ನುಗ್ಗಿ ಕ್ರೋಟನ್ ಗಿಡಗಳನ್ನು ತಿನ್ನುತ್ತಿವೆ, ಮುಳ್ಳುಬೇಲಿ ಹಾಕಿಸತಕ್ಕದ್ದು.' ತಂಗಿಯ ಕಥೆಯಿಂದ ಇದ್ದಕ್ಕಿದ್ದಂತೆ ಆಡು! ಬೇರೆ ಯಾರಾದರೂ ಆಗಿದ್ದರೆ, 'ಅರೇ, ಇದೇನಿದು, ನಡುವೆ ಏನೋ ತಪ್ಪಿಹೋಗಿದೆಯಲ್ಲ' ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಸಾಹುಕಾರರು ಕೆರೆದುಕೊಳ್ಳಲಿಲ್ಲ. ವ್ಯಾಖ್ಯಾನ ಮಾಡಿದರು. 'ಆಡು ಅಂದ್ರ ಯಾರು? ಮನಿ ಬಿಟ್ಟು ಹೋದವ್ರು. ಬೇಲಿ ಅಂದ್ರ ಏನು? ನಮ್ಮ ವಿಶ್ವಾಸ!' ಅಂದರು. ಕ್ರೋಟನ್ ಗಿಡ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಆಮೆನ್ ಅಂದರು. ಭಜಿ ಬಂತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸಾಹುಕಾರರಿಗೆ ಒಬ್ಬಳೇ ಮಗಳಿದ್ದಳು. ಒಂದು ಶುಕ್ರವಾರ ಕೂಟದ ನಡುವೆ ಆ ಹುಡುಗಿ ಬಾಯಿಬಿಟ್ಟು ಕೇಳಿಬಿಟ್ಟಳು: 'ಅಪ್ಪಾ, ಅವ್ವ ಯಾಕ ಒಂದಿನಾನೂ ಗಟ್ಟಿಯಾಗಿ ಪ್ರಾರ್ಥನಾ ಮಾಡಂಗಿಲ್ಲ?'

'ನಿಮ್ಮವ್ವಗ ಏನ್ ತಿಳಿತೈತಿ? ಸುಮ್ಮನ ಕೂಡು' ಅಂದರು ಅಪ್ಪ.

ಅವ್ವ ತಲೆ ತಗ್ಗಿಸಿದಳು. ಮಗಳು ಸುಮ್ಮನೆ ಕೂರಲಿಲ್ಲ. ರಸ್ತೆಯ ಆಚೆ ಬದಿಗೆ ಇನ್ನೊಂದು ಸಭೆ ಇತ್ತು. ಶೀಟಿನ ಮಾಡು, ಚಪ್ಪಾಳೆ, ಡೋಲಕ್ಕು, ಎಲ್ಲರೂ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥನೆ. ನಮ್ಮವರಿಗೆ ಚಪ್ಪಾಳೆ ಅಂದರೆ ಪಾಪಕ್ಕೆ ಅರ್ಧ ದಾರಿ, ಅಲ್ಲವೇ? ಮಗಳು ಅಲ್ಲಿಗೆ ಹೋಗತೊಡಗಿದಳು. ವರ್ಷದೊಳಗೆ ಮದುವೆಯೂ ಆದಳು. ಯಾರನ್ನು? ಕುಡುಕನನ್ನೇ? ಕಳ್ಳನನ್ನೇ? ಅಲ್ಲ ಸ್ವಾಮಿ, ಅಲ್ಲಿ ಡೋಲಕ್ಕು ಬಾರಿಸುವ ಒಬ್ಬ ಶಾಲಾ ಮಾಸ್ತರನನ್ನು. ಅದೇ ಯೇಸುವಿಗೆ ಅದೇ ಮೊಣಕಾಲೂರುವ ಮನುಷ್ಯ. ಸಾಹುಕಾರರು ನೋಟುಬುಕ್ಕು ಬಿಚ್ಚಿದರು. 'ನಾನು ಬಾಗಿಲು ಹಾಕಿದೆನು' ಅಂತ ಓದಿದರು. ಗೇಟಿಗೆ ಬೀಗ ಬಿತ್ತು.

ನಾಲ್ಕು ವರ್ಷ. ಪ್ರತಿ ಶುಕ್ರವಾರ ಸಂಜೆ ಆ ಮಗಳು ಡಬ್ಬಿಯಲ್ಲಿ ಅವ್ವನಿಗೆ ಗೋಧಿ ಹುಗ್ಗಿ ತಂದು ಗೇಟಿನ ಮುಂದೆ ನಿಲ್ಲುತ್ತಿದ್ದಳು. 'ಹುಕುಂ ಇಲ್ರೀ ಅಕ್ಕಾರ' ಅನ್ನುತ್ತಿದ್ದ ಕಾವಲುಗಾರ, ಮುಖ ಆಚೆ ತಿರುಗಿಸಿ. ಒಳಗೆ ಕೂಟ ನಡೆಯುತ್ತಿತ್ತು. ಪ್ರೀತಿಯ ಮೇಲೆ ಪ್ರಸಂಗ. ಅವ್ವನಿಗೆ ರೋಗ ಹತ್ತಿತು. ನಡುಮನೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಳು. ಗೇಟಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ಕೊನೆಗೆ ಡಾಕ್ಟರು, 'ಇನ್ನು ದಿನಗಳ ಮಾತು' ಅಂದರು. ಗೇಟು ಆಗಲೂ ತೆರೆಯಲಿಲ್ಲ.

ಆ ಮನೆಯಲ್ಲಿ ಚಹಾ ಕಾಸುವ ಒಬ್ಬ ಮುದುಕಿ ಇದ್ದಳು. ಈಕೆಯ ಹೆಸರು ಮಾತ್ರ ಹೇಳುತ್ತೇನೆ, ಯಾಕೆಂದರೆ ಆ ಮನೆಯಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದವರಲ್ಲ. ಸುವಾರ್ತವ್ವ. ಓದು ಬಾರದು. ಮಗಳಿಗೆ ಗೇಟು ಮುಚ್ಚಿದ ವರ್ಷವೇ ಆಕೆ ಚಹಾ ಕೊಡುತ್ತಾ ಒಮ್ಮೆ ಹೇಳಿ ನೋಡಿದ್ದಳು.

'ಸಾವ್ಕಾರ್ರ, ಆ ಕಥಿ ಅಲ್ಲಿಗೆ ಮುಗಿಯಂಗಿಲ್ರಿ. ಮುಂದೂ ಐತ್ರಿ. ನಮ್ಮವ್ವ ನಿಮ್ಮ ಅಜ್ಜಾರ ಮನಿ ಅಂಗಳ ಗುಡಸಾಕಿ. ಆಕಿ ಹೇಳತಿದ್ಲು.'

'ನಿನಗ ಓದಾಕ ಬರತೈತೇನು?'

'ಇಲ್ರಿ.'

'ಮತ್ತ? ಹೋಗು, ಇನ್ನೊಂದೀಟು ಚಾ ತಗೊಂಡ್ ಬಾ.'

ಎಷ್ಟು ಚೊಕ್ಕ ನ್ಯಾಯ ನೋಡಿ! ಓದು ಬಾರದವಳಿಗೆ ದೇವರು ಏನನ್ನೂ ತಿಳಿಸುವುದಿಲ್ಲ. ಮೀನು ಹಿಡಿಯುವವರನ್ನು ಕರೆಯುವಾಗ ಯೇಸುಸ್ವಾಮಿ ಅವರ ಮಾರ್ಕ್ಸ್ ಕಾರ್ಡು ನೋಡಿಯೇ ಕರೆದಿರಬೇಕು!

ಡಾಕ್ಟರು ಹಾಗೆ ಹೇಳಿದ ವಾರದ ಶುಕ್ರವಾರ. ಗೇಟಿನಲ್ಲಿ ಮಗಳು. ಸಾಹುಕಾರರು ಮತ್ತೆ ಅದೇ ಪುಟ ತೆಗೆದರು, ಮತ್ತೆ ಅದೇ ಸಾಲು ಓದಿದರು. ಹಾಳೆ ತಿರುವಿ ಆಡುಗಳ ಪುಟದ ಕಡೆ ಹೊರಟಿದ್ದರು. ಸುವಾರ್ತವ್ವ ಚಹಾದ ಪಾತ್ರೆಯನ್ನು ಟೇಬಲ್ ಮೇಲೆ ಕುಕ್ಕಿದಳು.

'ಇಪ್ಪತ್ತು ವರ್ಷ ಆತ್ರಿ, ವಾರಾವಾರಾ ಈ ಪುಸ್ತಕ ಒರಸಾಕಿ ನಾನು. ನನಗ ಅಕ್ಷರ ತಿಳಿಯಂಗಿಲ್ಲ, ಬೆರಳಿಗೆ ಹಾಳಿ ತಿಳಿತೈತ್ರಿ. ಎಲ್ಲಾ ಹಾಳಿ ತೆಳ್ಳಗದಾವು. ಆ ಕಥಿ ಹಾಳಿ ಒಂದ ದಪ್ಪ ಐತಿ. ಅದು ಒಂದು ಹಾಳಿ ಅಲ್ರಿ ಸಾವ್ಕಾರ್ರ. ಎರಡು!'

ಸಾಹುಕಾರರ ಮುಖ ಕೆಂಪಾಯಿತು. 'ನಡಿ ಒಳಗ' ಅಂದರು. ಆಕೆ ನಡೆಯಲಿಲ್ಲ. ಆಗ ಪಕ್ಕದ ಕೋಣೆಯಿಂದ ಒಂದು ದನಿ ಬಂತು. ಆ ಕೂಟದಲ್ಲಿ ಮೂವತ್ತು ವರ್ಷ ಯಾರೂ ಕೇಳದಿದ್ದ ದನಿ.

'ಏನ್ರೀ... ಒಮ್ಮಿ ಆಕಿ ಮಾತು ಕೇಳ್ರೀ. ನನ್ನ ಸಲುವಾಗಿ.'

ಸಾಹುಕಾರರು ನೋಟುಬುಕ್ಕನ್ನು ಮುದುಕಿಯ ಕಡೆ ನೂಕಿದರು. 'ತಗೋ, ಅದೇನೈತಿ ತೋರ್ಸು' ಅಂದರು. ಸುವಾರ್ತವ್ವ ಆ ದಪ್ಪ ಹಾಳೆಯನ್ನು ಚಹಾದ ಹಬೆಗೆ ಹಿಡಿದಳು. ಇಷ್ಟಿಷ್ಟೇ ಉಗುರಿನಿಂದ ಬಿಡಿಸಿದಳು. ನಾಲ್ಕೂ ಅಂಚಿಗೆ ಮೈದಾ ಅಂಟು, ಗೆರೆ ಎಳೆದ ಹಾಗೆ ನೇರವಾಗಿ. ಚೆಲ್ಲಿದ ಅಂಟು ಎಲ್ಲಾದರೂ ಗೆರೆ ಎಳೆದ ಹಾಗೆ ಬೀಳುತ್ತದೆಯೇ? ಯಾರೋ ಕೂತು ಹಚ್ಚಿದ್ದು. ಸಾಹುಕಾರರ ತಂದೆಯೇ ಇರಬೇಕು. ತನ್ನ ಅಪ್ಪನಂಥ ದೊಡ್ಡ ಉಪದೇಶಿ ಹೀಗೆಲ್ಲ ಬರೆದದ್ದು ಊರಿಗೆ ತಿಳಿಯಬಾರದು ಅಂತ ಇರಬೇಕು. ಹಾಳೆ ಬಿಟ್ಟುಕೊಂಡಿತು. ಒಳಗೆ ಎರಡು ಪುಟ, ಅಜ್ಜನದೇ ಅಕ್ಷರ. ಸಾಹುಕಾರರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿಯೇ ಓದತೊಡಗಿದರು. ಅಭ್ಯಾಸ, ಪಾಪ.

'ಬಾಗಿಲು ಹಾಕಿದ ಮೇಲೆ ಎಂಟು ದಿನ ನನಗೆ ಪ್ರಾರ್ಥನೆ ಬರಲಿಲ್ಲ. ಮೊಣಕಾಲೂರಿದರೆ ಆ ಬಾಗಿಲಿನ ಸದ್ದೇ ಕೇಳುತ್ತಿತ್ತು. ಒಂಬತ್ತನೆಯ ದಿನ ಅಂಗಳ ಗುಡಿಸುವ ಹೆಣ್ಣುಮಗಳು ನನ್ನೆದುರು ನಿಂತು, ಉಪದೇಶ್ಯಾರ, ನೀವು ಹೇಳೂದು ಊರಿಗೆಲ್ಲಾ ಕೇಳೇತಿ, ನಿಮ್ಮ ತಂಗಿ ಹೇಳೂದು ಯಾರರ ಕೇಳ್ಯಾರೇನ್ರಿ, ಎಂದಳು. ಹೋಗಿ ಕೇಳಿದೆನು. ತಪ್ಪು ನನ್ನದಾಗಿತ್ತು. ತಂಗಿಯ ಕೈಹಿಡಿದು ಕರೆತಂದೆನು. ಅಂದಿನಿಂದ ಯೇಸುವನ್ನು ಮೊದಲಿಗಿಂತ ಹೆಚ್ಚು ಬಲ್ಲೆನು. ನನ್ನ ಮಕ್ಕಳೂ ಮೊಮ್ಮಕ್ಕಳೂ ಓದಲೆಂದೇ ಇದನ್ನು ಬರೆದಿಟ್ಟಿದ್ದೇನೆ.'

ಕೊನೆಯ ಸಾಲು ಓದಿ ಸಾಹುಕಾರರು ನೋಟುಬುಕ್ಕನ್ನು ಕೆಳಗಿಟ್ಟರು. ಯಾರೂ ಆಮೆನ್ ಅನ್ನಲಿಲ್ಲ. ಅವರು ಎದ್ದು ಬರಿಗಾಲಲ್ಲೇ ಗೇಟಿಗೆ ಹೋದರು. ಮಗಳು ಇರಲಿಲ್ಲ. 'ಈಗರ ಆ ಕಡೆ ಹೋದ್ರೀ' ಅಂದ ಕಾವಲುಗಾರ. ಆ ಕಡೆ ಅಂದರೆ ರಸ್ತೆಯ ಆಚೆ, ಚಪ್ಪಾಳೆಯ ಸಭೆ. ಅಲ್ಲಿಯೂ ಶುಕ್ರವಾರವೇ ಕೂಟ.

ಹೋದರು, ಪ್ರಿಯರೇ! ಮೊದಲನೇ ಬೆಂಚಿನ ಸಾಹುಕಾರರು ಹೋಗಿ ಆ ಶೀಟಿನ ಮಾಡಿನ ಕೆಳಗೆ ಕೊನೆಯ ಚಾಪೆಯ ಮೇಲೆ ಕೂತರು. ಒಂದೂವರೆ ಗಂಟೆ ಡೋಲಕ್ಕು ಕೇಳಿದರು. ಮಾಡು ಕುಸಿದು ಬೀಳಲಿಲ್ಲ. ಆಕಾಶದಿಂದ ಬೆಂಕಿ ಇಳಿಯಲಿಲ್ಲ. ಆಮೇಲೆ ಸಾಕ್ಷಿ ಹೇಳುವ ಹೊತ್ತು, ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಹೇಳುವುದು. ಅವರ ಮಗಳು ಎದ್ದು ನಿಂತಳು. ಹಿಂದೆ ಅಪ್ಪ ಕೂತಿರುವುದು ಆಕೆಗೆ ಗೊತ್ತಿಲ್ಲ.

'ಇಲ್ಲಿ ನಾನು ಬಾಯಿಬಿಟ್ಟು ಪ್ರಾರ್ಥನಾ ಮಾಡೂದು ಕಲಿತೇನಿ. ಆದ್ರ ನನಗ ಕಷ್ಟದಾಗ ನೆನಪಾಗೋ ವಾಕ್ಯ ಎಲ್ಲಾ ಸಣ್ಣಾಕಿ ಇದ್ದಾಗ ಬಾಯಿಪಾಠ ಮಾಡಿದ್ದು. ಕಲಿಸಿದಾಂವ ನಮ್ಮಪ್ಪ. ಅವಗ ಒಂದ ಮಾತು ಹೇಳೂದೈತಿ. ಕೇಳಾಕ ಆಂವ ಒಮ್ಮಿ ಬರಲಿ ಅಂತ ಪ್ರಾರ್ಥನಾ ಮಾಡ್ರಿ.'

'ಬಂದೇನಿ ನೋಡವಾ' ಅಂದರು ಅಪ್ಪ, ಹಿಂದಿನಿಂದ. 'ಹೇಳು. ನಾ ಏನೂ ಅನ್ನಂಗಿಲ್ಲ.'

ಆಕೆ ಹೇಳಿದಳು, ಅವರು ನಡುವೆ ಬಾಯಿ ಹಾಕದೆ ಪೂರಾ ಕೇಳಿದರು. ಆ ರಾತ್ರಿಯೇ ಗೇಟು ತೆರೆಯಿತು. ಹುಗ್ಗಿಯ ಡಬ್ಬಿ ಒಳಗೆ ಬಂತು. ಅವ್ವ ಎಷ್ಟು ದಿನ ಬದುಕಿದಳು ಗೊತ್ತೇ? ಇಪ್ಪತ್ತೆರಡು ದಿನ. ನಾಲ್ಕು ವರ್ಷ ಸಿಗಬೇಕಿದ್ದ ಮಗಳು ಆಕೆಗೆ ಇಪ್ಪತ್ತೆರಡೇ ದಿನ ಸಿಕ್ಕಳು. ಕೂಟವನ್ನು ಆಕೆಯ ಹಾಸಿಗೆಯ ಪಕ್ಕಕ್ಕೇ ತಂದರು. ಆ ತಾಯಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದಳು. ನಾನು ಓದಿದ ದಪ್ಪ ದಪ್ಪ ಪುಸ್ತಕಗಳಲ್ಲಿ ಅಂಥ ಪ್ರಾರ್ಥನೆಯನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಅದು ಆ ಮನೆಯೊಳಗೇ ಇತ್ತು. ಕೇಳಲು ಸಿಕ್ಕಿದ್ದು ಮೂರೇ ಮೂರು ಶುಕ್ರವಾರ.

ಅದು ನಿಮಗೆ ಹೇಗೆ ಗೊತ್ತು ಅಯ್ಯನವರೇ, ಅನ್ನುತ್ತೀರಾ? ಹೇಳುತ್ತೇನೆ. ಆ ಕೂಟದಲ್ಲಿ ಸಾಹುಕಾರರ ಬಲಗಡೆ ಒಬ್ಬ ಸಭಾಪಾಲಕ ಕೂರುತ್ತಿದ್ದ. ಆಡಿನ ವ್ಯಾಖ್ಯಾನಕ್ಕೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವನು ಅವನೇ. ಹಾಳೆ ಹಬೆಗೆ ಬಿಡುತ್ತಿದ್ದಾಗ ಅವನ ಕೈಯಲ್ಲಿ ಅರ್ಧ ತಿಂದ ಭಜಿ ಇತ್ತು. ಆ ಮನುಷ್ಯ ನಾನು. ನಾಲ್ಕು ವರ್ಷ ಆ ಗೇಟಿನಿಂದಲೇ ಒಳಗೆ ಹೋದೆ. ಹೊರಗೆ ನಿಂತ ಆ ಹೆಣ್ಣುಮಗಳಿಗೆ, 'ದೇವರು ನಿನ್ನನ್ನು ಆಶೀರ್ವದಿಸಲಿ' ಅಂದೆ, ಆಕೆಯ ಮಾತು ಮಾತ್ರ ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಈಗ ನಿಮ್ಮ ಸರದಿ. ಯಾಕೆ ತಲೆ ತಗ್ಗಿಸುತ್ತೀರಿ? ನಿಮ್ಮ ಮನೆಯಲ್ಲಿ ಯಾವ ಹಾಳೆಗೆ ಅಂಟು ಹಚ್ಚಿದ್ದೀರಿ? ಸೊಸೆ ವಾಕ್ಯದ ಬಗ್ಗೆ ಏನೋ ಹೇಳಲು ಬಾಯಿ ತೆರೆದಾಗ, 'ಸಾರು ಉಕ್ಕೀತು, ಹೋಗಿ ನೋಡವಾ' ಅಂದವರು ಯಾರು? ಇನ್ನೊಂದು ಸಭೆಗೆ ಹೋಗುವ ಅಣ್ಣನ ಫೋನು ಬಂದರೆ ತಿರುವಿ ಇಡುವವರು ಯಾರು? ಹಿಂದಿನ ಬೆಂಚಿನವರೇ, ನಗಬೇಡಿ, ನಿಮ್ಮನ್ನೂ ಬಿಡುವುದಿಲ್ಲ. 'ನನಗೇನು ತಿಳಿತೈತಿ' ಅಂತ ಮೂವತ್ತು ವರ್ಷದಿಂದ ಬಾಯಿ ಕಟ್ಟಿಕೊಂಡು ಕೂತಿದ್ದೀರಲ್ಲ, ದೇವರು ನಿಮಗೆ ತೋರಿಸಿದ್ದನ್ನು ನಾವು ಯಾರನ್ನು ಕೇಳಬೇಕು? ಓದುವವರಿಗೆ ಅಕ್ಷರ ಕಂಡಿತು, ಒರೆಸುವವಳಿಗೆ ಹಾಳೆಯ ದಪ್ಪ ತಿಳಿಯಿತು. ಇಬ್ಬರೂ ಸೇರಿದಾಗಲೇ ಅಜ್ಜನ ಮಾತು ಪೂರಾ ಆದದ್ದು. ದೇವರ ಮಾತು ನಿಮ್ಮೊಬ್ಬರ ಕಣ್ಣಿಗೇ ಪೂರಾ ಕಾಣುತ್ತದೆ ಅಂತ ನಿಮಗೆ ಹೇಳಿದವರಾದರೂ ಯಾರು?

ಆದ್ದರಿಂದ ಈ ವಾರ ನಿಮ್ಮ ಮನೆಯ ಕೂಟದಲ್ಲಿ ಯಜಮಾನರು ಅರ್ಥ ಹೇಳುವುದು ಬೇಡ. ಒಂದೇ ಒಂದು ವಾರ, ಜೀವ ಹೋಗುವುದಿಲ್ಲ. ಚಹಾ ಕಾಸುವವರನ್ನು ಒಲೆ ಆರಿಸಿ ಬಂದು ಕೂರಲು ಹೇಳಿ. 'ನಿನಗೆ ದೇವರು ಇದರಲ್ಲಿ ಏನು ತೋರಿಸಿದ?' ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ, ಅವರು ಮುಗಿಸುವ ತನಕ. ನಡುವೆ ತಿದ್ದಬೇಡಿ. ಒಪ್ಪಲೇಬೇಕು ಅಂತ ನಾನು ಹೇಳುತ್ತಿಲ್ಲ, ಪೂರಾ ಕೇಳಲೇಬೇಕು ಅಂತ ಹೇಳುತ್ತಿದ್ದೇನೆ. ಮತ್ತೆ, ನೀವು ಗೇಟು ಹಾಕಿ ಹೊರಗೆ ನಿಲ್ಲಿಸಿದವರು ಒಬ್ಬರಿದ್ದಾರಲ್ಲ, ಈಗ ನಿಮಗೆ ನೆನಪಾದರಲ್ಲ, ಅವರ ಹತ್ತಿರ ಇವತ್ತೇ ಹೋಗಿ. ಊಟಕ್ಕೆ ಮೊದಲು ಹೋಗಿ. ನಿಮಗೆ ಇಪ್ಪತ್ತೆರಡು ದಿನವಾದರೂ ಇದೆ ಅಂತ ನಾನು ಮಾತು ಕೊಡಲಾರೆ.

ಬೇಡ, ಈಗ ಆಮೆನ್ ಅನ್ನಬೇಡಿ. ನಾನು ಆಮೆನ್ ಅಂದು ಅಂದು ಏನಾಯಿತು ಅಂತ ಈಗಷ್ಟೇ ಕೇಳಿದಿರಲ್ಲ. ಮೊದಲು ಹೋಗಿ ಅವರ ಮಾತು ಕೇಳಿ. ಆಮೇಲೆ, ಅವರ ಜೊತೆ ಕೂತು, ಆಮೆನ್ ಅನ್ನಿ.