ಹತ್ತು ಲಕ್ಷದ ಒಂಬತ್ತರ ಜಗಳ

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ, ಮೇಷ್ಟ್ರ ಮನೆಯವರಾದ ಅಕ್ಕನಿಗೆ, ಅವರ ಮಗಳಿಗೆ — ನಿಮ್ಮ ದುಃಖದಲ್ಲಿ ನಾವೆಲ್ಲ ಇದ್ದೇವೆ. ಆದರೆ ಶೇಷ ಮೇಷ್ಟ್ರನ್ನು ಬರೀ ಹೊಗಳಿ ಕೂರಲು ನನ್ನಿಂದಾಗದು. ಇಪ್ಪತ್ತಾರು ವರ್ಷ ಸ್ಟಾಫ್ ರೂಮಿನಲ್ಲಿ ಎದುರಿನ ಮೇಜಿನಲ್ಲಿ ಕೂತು ನನ್ನ ತಲೆ ತಿಂದ ಮನುಷ್ಯ ಅವರು! ಯಾವ ಮಗು ಭಾಗಾಕಾರ ತಂದರೂ ಮೊದಲು ಕೇಳುತ್ತಿದ್ದುದು, "ಶೇಷ ಎಷ್ಟು?" ಹಾಗೆ ಬಂತು ಆ ಹೆಸರು.

ನಾವಿಬ್ಬರೂ ಸೇರಿ ಒಂದು ಗಣಿತದ ಪುಸ್ತಕ ಬರೆದೆವು. ದೊಡ್ಡ ಅವಿಭಾಜ್ಯ ಸಂಖ್ಯೆಗೆ ಉದಾಹರಣೆಯಾಗಿ ನಾನು ಕೊಟ್ಟದ್ದು ಹತ್ತು ಲಕ್ಷದ ಒಂಬತ್ತು. ಒಂದು, ಐದು ಸೊನ್ನೆ, ಒಂಬತ್ತು. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ — ಎಂದು ನನ್ನ ನಂಬಿಕೆ.

ಅಚ್ಚಿಗೆ ಹೋಗುವ ದಿನ ಇವರ ತಗಾದೆ: "ಇದು ಅವಿಭಾಜ್ಯ ಅಲ್ಲ."

"ಯಾವುದರಿಂದ ಭಾಗ ಹೋಗತ್ತೆ, ಹೇಳಿ."

ಹೇಳಲಿಲ್ಲ! ಎದ್ದು ಬೋರ್ಡಿನ ಮೇಲೆ ಬರೆದರು. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿಸಿದರೆ ಈ ಸಂಖ್ಯೆ. ಒಂಬೈನೂರ ಎಪ್ಪತ್ತೆರಡರ ವರ್ಗಕ್ಕೆ ಇನ್ನೂರ ಮೂವತ್ತೈದರ ವರ್ಗ ಕೂಡಿಸಿದರೂ — ಇದೇ ಸಂಖ್ಯೆ.

"ಅವಿಭಾಜ್ಯ ಆಗಿದ್ರೆ ಹೀಗೆ ಎರಡು ಥರ ಬರೋಕೆ ಸಾಧ್ಯವೇ ಇಲ್ಲ. ಯಾವುದರಿಂದ ಭಾಗ ಹೋಗತ್ತೆ ಅಂತ ನೀವೇ ಹುಡುಕಿ."

"ಎಲ್ಲಾ ನೋಡಾಗಿದೆ ಮೇಷ್ಟ್ರೆ!"

"ಎಲ್ಲಿವರೆಗೆ?"

ಆ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ತಪ್ಪಿರುವ ಪುಸ್ತಕಕ್ಕೆ ತಮ್ಮ ಹೆಸರು ಬೇಡ ಅಂದರು. ಬೇಡದಿದ್ದರೆ ಬಿಡಿ ಅಂದೆ. ಅರ್ಧ ಪುಸ್ತಕ ಅವರದು. ಮುಖಪುಟದಲ್ಲಿ ಬಂದದ್ದು ನನ್ನ ಹೆಸರೊಂದೇ. ಹನ್ನೊಂದು ವರ್ಷ, ಆರು ಮುದ್ರಣ — ಪ್ರತಿ ವರ್ಷವೂ ಇವರು ತಮ್ಮ ತರಗತಿಯ ಮಕ್ಕಳಿಂದ ಆ ಸಾಲನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿಸುತ್ತಿದ್ದರು. ನನಗೆ ಮಾತ್ರ ಉತ್ತರ ಹೇಳಲಿಲ್ಲ. ಇಂಥವರ ಜೊತೆ ಹೇಗೆ ಏಗುವುದು, ನೀವೇ ಹೇಳಿ?

ಹದಿನೈದು ದಿನದ ಹಿಂದೆ ಆಸ್ಪತ್ರೆಗೆ ಹೋದೆ. ಅವರು ನಿದ್ದೆಯಲ್ಲಿದ್ದರು. ಮಗಳು ಮೆಲ್ಲಗೆ ಹೇಳಿದಳು, "ಅಂಕಲ್, ಉತ್ತರ ಅಪ್ಪಂಗೆ ಅವತ್ತೇ ಗೊತ್ತಿತ್ತು. 'ನಾನು ಹೇಳಿದ್ರೆ ಸೋತೆ ಅಂದ್ಕೋತಾರೆ, ತಾವೇ ಕಂಡುಕೊಂಡ್ರೆ ಖುಷಿ ಪಡ್ತಾರೆ' ಅಂತಿದ್ರು."

ಹನ್ನೊಂದು ವರ್ಷ! ಮೈಯೆಲ್ಲ ಉರಿಯಿತು. ಅಲ್ಲೇ ಕೂತು ಔಷಧಿ ಚೀಟಿಯ ಹಿಂಬದಿಯಲ್ಲಿ ಭಾಗಾಕಾರ ಶುರು ಮಾಡಿದೆ. ಅಂದು ನಾನು ಸಾಕಾಗಿ ನಿಲ್ಲಿಸಿದ್ದು ಇನ್ನೂರ ಎಂಬತ್ತಮೂರಕ್ಕೆ. ಅದರ ನಂತರದ ಅವಿಭಾಜ್ಯ ಇನ್ನೂರ ತೊಂಬತ್ತಮೂರು. ಭಾಗಿಸಿದೆ — ಮೂರು ಸಾವಿರದ ನಾನೂರ ಹದಿಮೂರು ಸಲ, ಸರಿಯಾಗಿ. ಒಂದೇ ಒಂದು ಹೆಜ್ಜೆ! ಆ ಒಂದು ಹೆಜ್ಜೆಯ ತಾಳ್ಮೆ ನನಗಿರಲಿಲ್ಲ.

ಅವರು ಕಣ್ಣು ಬಿಟ್ಟರು. ಚೀಟಿ ಹಿಡಿದು ತೋರಿಸಿದೆ. "ತಪ್ಪು ನಂದೇ ಮೇಷ್ಟ್ರೆ. ಮುಂದಿನ ಮುದ್ರಣದಲ್ಲಿ ನಿಮ್ಮ ಹೆಸರೇ ಮೊದಲು."

ಏನಾದರೂ ಸಮಾಧಾನದ ಮಾತು ಬಂದೀತೆಂದು ಕಾದೆ. ಬಂದದ್ದು ಇದು: "ಆ ಮೂರು ಸಾವಿರದ ನಾನೂರ ಹದಿಮೂರು — ಅದು ಅವಿಭಾಜ್ಯನಾ? ನೋಡಿದ್ರಾ?"

"ಅಯ್ಯೋ, ನಾಳೆ ನೋಡ್ಕೊಂಡು ಬರ್ತೀನಿ!" ಎಂದು ರೇಗಿ ಎದ್ದು ಬಂದೆ.

ನೋಡಿದೆ. ವರ್ಗಮೂಲ ಐವತ್ತೆಂಟು ಚಿಲ್ಲರೆ; ಅದರೊಳಗಿನ ಕೊನೆಯ ಅವಿಭಾಜ್ಯ ಐವತ್ತಮೂರರವರೆಗೂ, ಒಂದನ್ನೂ ಬಿಡದೆ. ಹೌದು, ಅವಿಭಾಜ್ಯವೇ. ಬೆಳಿಗ್ಗೆ ಹೇಳೋಣವೆಂದು ಹೋದರೆ — ನರ್ಸುಗಳು ಅವರ ಖಾಲಿ ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದರು.

ಇಷ್ಟೇ ನನ್ನ ಮಾತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಹಿಂದಿನ ಸಾಲಿನವರೂ — ಮೊಬೈಲ್ ಜೇಬಿಗೆ ಹಾಕಿ. ಎರಡು ನಿಮಿಷ, ಮೇಷ್ಟ್ರಿಗಾಗಿ, ಮಾತಿಲ್ಲದೆ ಇರೋಣ.